ಶಸ್ತ್ರಾಗಾರದ ಧೂಳು: ಅದನ್ನು ನಿಮ್ಮ ಮೇಜಿಗೆ ಸುರಿದವಳ ಮಾತು

ಪಾರಂಪರಿಕ ಕಟ್ಟಡಗಳ ಪುನರುಜ್ಜೀವನ ಕಚೇರಿಯ ಮುಖ್ಯಾಧಿಕಾರಿಗಳೇ,

ನಿಮ್ಮ ಕೋಣೆ ಈಗ ಥಳಥಳ ಹೊಳೆಯುತ್ತಿದೆಯಂತೆ. ಸಂತೋಷ. ನಾನು ಅಲ್ಲಿ ಒಂದು ಬಕೆಟ್ ಕೆಸರು ಸುರಿದ ದಿನ ಮಧ್ಯಾಹ್ನದೊಳಗೆ ಬಿಳಿ ಮೇಲಂಗಿ, ಇಡೀ ಮುಖ ಮುಚ್ಚುವ ಮುಖವಾಡ ತೊಟ್ಟವರು ಬಂದರು. ಕಾರ್ಪೆಟ್ಟನ್ನು ಸುತ್ತಿ ಒಯ್ದರು. ಮೇಜು, ಕುರ್ಚಿ, ಗೋಡೆಯ ಬುಡ, ಕೊನೆಗೆ ಕಿಟಕಿಯ ಹೂಕುಂಡವನ್ನೂ ಬಿಡದೆ ಒರೆಸಿದರು. ಆ ಕೆಸರು ಬಂದದ್ದು ನೀವು ವಸ್ತುಸಂಗ್ರಹಾಲಯ ಮಾಡಲು ಹೊರಟಿರುವ ಹಳೆಯ ಶಸ್ತ್ರಾಗಾರದ ನೆಲಮಾಳಿಗೆಯಿಂದ. ಅಲ್ಲಿ ಅದೇ ವಿಷ ಇವತ್ತಿಗೂ ರಾಶಿ ರಾಶಿ ಬಿದ್ದಿದೆ. ಅದನ್ನು ಯಾರೂ ಮುಟ್ಟಿಲ್ಲ. ನಿಮ್ಮ ಕಾರ್ಪೆಟ್ಟಿಗೆ ಬಂದ ಅವಸರ ಆ ಕಟ್ಟಡಕ್ಕೆ ಯಾಕೆ ಬರಲಿಲ್ಲ, ಮಾನ್ಯರೇ? ವಿಷ ಎಷ್ಟಿದೆ ಎನ್ನುವುದಕ್ಕಿಂತ ಅದು ಯಾರ ಮೂಗಿಗೆ ಹೋಗುತ್ತದೆ ಎನ್ನುವುದೇ ನಿಮ್ಮ ಅಳತೆಗೋಲೆ?

ನನ್ನನ್ನು ಹುಚ್ಚಿ ಎಂದು ಕರೆದಿದ್ದೀರಿ. ಹಾಗಾಗಿ ಈ ಬಹಿರಂಗ ಪತ್ರದ ಓದುಗರಿಗೆ ಮೊದಲಿಂದ ಹೇಳಬೇಕಾಗಿದೆ. ನಾನು ನ್ಯಾಯಾಲಯದ ಬೆರಳಚ್ಚುಗಾರ್ತಿ. ಕೊಲೆ, ಕಳವು, ವಿಚ್ಛೇದನ ಎಲ್ಲವನ್ನೂ ಮುಖ ಸಿಂಡರಿಸದೆ ಟೈಪು ಮಾಡಿ ಅಭ್ಯಾಸವಿರುವವಳು. ನನ್ನ ಗಂಡ ಗಾರೆ ಕೆಲಸದವರು. ಎತ್ತರದ ಆಳು, ಅಗಲವಾದ ಕೈ, ಆದರೆ ದನಿ ಎಷ್ಟು ಸಣ್ಣದೆಂದರೆ ಅಂಗಡಿಯವನು 'ಏನಂದ್ರಿ?' ಎಂದು ಎರಡು ಸಲ ಕೇಳಬೇಕು. ಅದಕ್ಕೇ ಜೊತೆಗಾರರು ಅವರಿಗಿಟ್ಟ ಹೆಸರು ಮೆಲ್ಲಣ್ಣ. ಅವರ ಜೊತೆ ಕೆಲಸ ಕಲಿತು, ಅವರ ಬೆನ್ನಿಗೇ ಅಂಟಿಕೊಂಡು ಬಂದವನು ಕುಳ್ಳ. ಒಡಹುಟ್ಟಿದವನಲ್ಲ, ಆದರೂ ಅವರಿಗೆ ಅಣ್ಣ ಎನ್ನುತ್ತಾನೆ, ನನಗೆ ಅತ್ತಿಗೆ ಎನ್ನುತ್ತಾನೆ. ಇಬ್ಬರಿಗೂ ಕುಡಿತವಿಲ್ಲ. ಒಬ್ಬರ ಚಪ್ಪಲಿ ಇನ್ನೊಬ್ಬರು ಹಾಕಿಕೊಂಡು ಹೋದರೂ ಜಗಳವಿಲ್ಲ.

ಇಬ್ಬರೂ ನಿಮ್ಮ ಶಸ್ತ್ರಾಗಾರದ ಕೆಲಸಕ್ಕೆ ಸೇರಿದರು. ಆನೆ ನುಗ್ಗಿದರೂ ಅಲುಗದ ಕಲ್ಲಿನ ಗೋಡೆ, ಕಬ್ಬಿಣದ ಬಾಗಿಲು, ಮಾಡಿನಂಚಿಗೆ ಪಾರಿವಾಳ. ಕೆಳಗೆ ಕಿಟಕಿಯೇ ಇಲ್ಲದ ಉದ್ದನೆಯ ನೆಲಮಾಳಿಗೆ. ಸೈನ್ಯವಿದ್ದ ಕಾಲದಲ್ಲಿ ಪ್ರತಿ ಹೊಸ ಬಂದೂಕನ್ನೂ ಅಲ್ಲಿ ಹಾರಿಸಿ ನೋಡುತ್ತಿದ್ದರು. ತಲೆಮಾರುಗಟ್ಟಲೆ ಸೀಸದ ಗುಂಡುಗಳು ಹಿಂಬದಿಯ ಮರಳಿನ ದಿಬ್ಬಕ್ಕೆ ಬಡಿದು ಪುಡಿಪುಡಿಯಾದವು. ಆ ಪುಡಿ ಕಲ್ಲಿನ ಸಂದುಸಂದಿನಲ್ಲಿ ಕೂತಿತು. ಸೈನ್ಯ ಹೊರಟುಹೋಯಿತು, ಸೀಸ ಉಳಿಯಿತು. ನೀವು ಇವರ ಕೈಗೆ ಕೊಟ್ಟದ್ದು ಕಸಬರಿಕೆ, ಉಳಿ, ಹಳೆಯ ಬಣ್ಣ ಸುಡಲು ಬೆಂಕಿ ಉಗುಳುವ ದೀಪ, ಮೂಗಿಗೆ ಕಟ್ಟಲು ಒಂದು ತುಂಡು ಬಟ್ಟೆ. ನೀರು ಚಿಮುಕಿಸುತ್ತೇವೆಂದರೆ ನಿಮ್ಮ ಮೇಲ್ವಿಚಾರಕ, "ಗೋಡೆ ಒಣಗೋಕೆ ಯಾರಪ್ಪ ಕಾಯ್ತಾರೆ? ಉದ್ಘಾಟನೆ ಹತ್ರ ಬಂತು, ಹಾಗೇ ಗುಡಿಸಿ" ಎಂದ. ಗುಡಿಸಿದರು. ಸಂಜೆ ಹೊರಬಂದಾಗ ಹುಬ್ಬು, ರೆಪ್ಪೆ, ಕಿವಿ ಎಲ್ಲ ಬೂದು. ಹಾಗೇ ಮನೆಗೆ ಬಂದು, ಓಡಿಬಂದ ಮಗಳನ್ನು ಎದೆಗವಚಿಕೊಂಡು ಎತ್ತಿಕೊಳ್ಳುತ್ತಿದ್ದರು.

ಮೊದಲು ಹೊಟ್ಟೆನೋವು ಬಂತು, ಆಮೇಲೆ ತಲೆನೋವು. ಆಮೇಲೆ ಬಂದದ್ದು ಸಿಟ್ಟು. ನನ್ನ ಗಂಡನಿಗೆ ಸಿಟ್ಟು ಬಂದದ್ದನ್ನು ನಾನು ಮದುವೆಯಾದಂದಿನಿಂದ ಕಂಡಿರಲಿಲ್ಲ. ಮೊದಮೊದಲು ಬಾಗಿಲು ಬಡಿಯುವುದು, ಲೋಟ ಎಸೆಯುವುದು. ಒಂದು ಸಂಜೆ ಮಗಳು ಚಮಚದಿಂದ ತಟ್ಟೆ ಬಡಿಯುತ್ತ ಆಡುತ್ತಿದ್ದಳು. ಅವರು ಎದ್ದರು. ಒಲೆಯ ಮೇಲೆ ಕುದಿಯುತ್ತಿದ್ದ ಹಾಲಿನ ಪಾತ್ರೆಯನ್ನು ಬರಿಗೈಯಲ್ಲಿ ಎತ್ತಿ ಗೋಡೆಗೆ ಎಸೆದರು. ಅವರ ಅಂಗೈ ಸುಟ್ಟಿತು, ಅದು ಅವರ ಅರಿವಿಗೇ ಬರಲಿಲ್ಲ. ನಾನು ಮಗಳಿಗೆ ಅಡ್ಡ ನಿಂತೆ. ಅದೇ ಸುಟ್ಟ ಕೈಯಲ್ಲಿ ನನ್ನ ಕತ್ತು ಹಿಡಿದು ಕಪಾಟಿಗೆ ಒತ್ತಿದರು. ಕಣ್ಣು ಕತ್ತಲೆ ಬಂತು. ಮಗಳು ಅವರ ಕಾಲನ್ನು ಕಚ್ಚಿದಳು, ಅದರಿಂದ ನಾನು ಉಳಿದೆ. ಕೈಬಿಟ್ಟ ಮೇಲೆ ಅವರು ನೆಲದ ಮೇಲೆ ಕೂತು, ಚೆಲ್ಲಿದ ಹಾಲನ್ನೇ ನೋಡುತ್ತ, "ಇದ್ಯಾರು ಮಾಡಿದ್ದು?" ಎಂದು ಕೇಳಿದರು. ನಾಟಕವಾಡುತ್ತಿರಲಿಲ್ಲ. ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ.

ಪಕ್ಕದ ಮನೆಯಾಕೆ ನನ್ನ ಕತ್ತಿನ ಗುರುತು ನೋಡಿ, "ಕುಡಿಯೋಕೆ ಶುರು ಮಾಡಿದ್ರಾ? ಇಲ್ಲ, ಬೇರೆ ಯಾರಾದ್ರೂ ಇದ್ದಾಳಾ?" ಎಂದು ಕೇಳಿದಳು. ಗಂಡ ಹೊಡೆದರೆ ನಮ್ಮ ಬೀದಿಗೆ ಹೊಳೆಯುವ ಕಾರಣಗಳು ಎರಡೇ. ನಿಮ್ಮ ಕಟ್ಟಡವೊಂದು ಮನೆಯೊಳಗೆ ನುಗ್ಗಿ ಹೆಂಡತಿಯ ಕತ್ತು ಹಿಸುಕಬಹುದೆಂದು ಯಾರಿಗೆ ತಾನೇ ಹೊಳೆದೀತು?

ಇನ್ನು ನೆಲಮಾಳಿಗೆಯ ಆ ದಿನ. ಕುಳ್ಳನಿಗೆ ಕೆಲಸ ಮಾಡುವಾಗ ಸಿಳ್ಳೆ ಹಾಕುವ ಚಟ. ಮೆಲ್ಲಣ್ಣನಿಗೆ ಆ ಸಿಳ್ಳೆಯಿಲ್ಲದೆ ಗೋಡೆ ಸಮವಾಗುತ್ತಿರಲಿಲ್ಲ ಎಂದು ಉಳಿದವರು ತಮಾಷೆ ಮಾಡುತ್ತಿದ್ದರು. ಅವತ್ತು ಇವರು, "ನಿಲ್ಸೋ" ಎಂದರು. ಕುಳ್ಳನ ತಲೆಯೂ ಅಷ್ಟರಲ್ಲಿ ಅದೇ ಧೂಳಿನಿಂದ ಕುದಿಯುತ್ತಿತ್ತು. ಅವನು ಇನ್ನೂ ಜೋರಾಗಿ ಸಿಳ್ಳೆ ಹಾಕಿದ. ಇವರು ತಿರುಗಿದವರೇ ಕೈಯಲ್ಲಿದ್ದ ಕರಣೆಯನ್ನು ಅವನ ಮುಖಕ್ಕೆ ಬೀಸಿದರು. ಗಾರೆ ಮೆತ್ತಿ ಮೆತ್ತಿ ಸವೆದು ಚೂರಿಯಂತಾಗಿದ್ದ ಅದರ ಅಂಚು ಅವನ ಎಡಗಣ್ಣನ್ನು ಸೀಳಿತು. ಕಣ್ಣು ಹೋದವನು ಬೀಳಬೇಕಲ್ಲವೇ? ಬೀಳಲಿಲ್ಲ. ಗೋಡೆಯ ಮಟ್ಟ ನೋಡುವ ಮಟ್ಟಗೋಲು ಎತ್ತಿಕೊಂಡು ತನ್ನ ಅಣ್ಣನ ಪಕ್ಕೆಗೆ ಬಾರಿಸಿದ, ಮೂಳೆ ಮುರಿಯುವವರೆಗೆ. ಇಬ್ಬರೂ ಆ ಮರಳಿನ ದಿಬ್ಬದ ಮೇಲೆ ಉರುಳಿದರು. ಕಚ್ಚಿದರು, ಬಾಯಿಗೆ ಮರಳು ತುರುಕಿದರು, ಕಿವಿ ಹರಿದರು. ಅವರನ್ನು ಬಿಡಿಸಲು ಬಂದ ನಿಮ್ಮ ಕಾವಲುಗಾರರು ಇಬ್ಬರ ಮೇಲೂ ಲಾಠಿ ಬೀಸಿದರು. ಕುಳ್ಳನನ್ನು ಆಸ್ಪತ್ರೆಗೆ ಒಯ್ದರು, ನನ್ನ ಗಂಡನನ್ನು ಠಾಣೆಗೆ.

ಠಾಣೆಯಲ್ಲಿ ಅವರಿಗೆ ಸೆಳವು ಬಂತು. ನೆಲಕ್ಕೆ ಬಿದ್ದು ಒದ್ದಾಡಿದರು. "ನಾಟಕ ಆಡ್ತೀಯೇನೋ?" ಎಂದು ಒಬ್ಬ ಪೇದೆ ಮುರಿದ ಪಕ್ಕೆಗೇ ಬೂಟುಗಾಲಿನಿಂದ ಒದ್ದ. ಮುರಿದ ಎಲುಬು ಪುಪ್ಪುಸಕ್ಕೆ ಚುಚ್ಚಿತು. ಬಾಯಲ್ಲಿ ರಕ್ತ ಬಂದ ಮೇಲೆ ಇದು ನಾಟಕವೆಂಬ ಪೇದೆಯ ಅನುಮಾನ ಹೋಯಿತು. ಆಸ್ಪತ್ರೆಯ ವೈದ್ಯೆ ಇವರ ತುಟಿ ಎತ್ತಿ ನೋಡಿ, ವಸಡಿನ ಮೇಲಿದ್ದ ಕಪ್ಪುನೀಲಿ ಗೆರೆಯನ್ನು ನನಗೆ ತೋರಿಸಿದರು. "ಎಲ್ಲಿ ಕೆಲಸ ಮಾಡ್ತಿದ್ರು?" ಎಂದರು. ಹೇಳಿದೆ. ರಕ್ತ ಪರೀಕ್ಷೆಯಾದ ಮೇಲೆ ನನ್ನನ್ನು ಕೂರಿಸಿ ಹೇಳಿದರು: "ನೋಡಮ್ಮಾ, ಇದು ಸೀಸ. ಮಿದುಳಿಗೆ ಏರಿದೆ. ಇವರು ಇಷ್ಟು ದಿನ ಎದ್ದು ಓಡಾಡಿದ್ದೇ ಹೆಚ್ಚು. ಮನೇಲಿ ಮಗು ಇದ್ಯಾ?"

ಇತ್ತು. ಮಗಳ ರಕ್ತದಲ್ಲೂ ಸೀಸವಿತ್ತು. ಅಪ್ಪನ ಅಂಗಿಯಿಂದ.

ಆಮೇಲೆ ನಾನು ನಿಮಗೆ ಮನವಿಗಳನ್ನು ಬರೆದೆ. ನಿಮ್ಮ ಉತ್ತರಗಳೂ ಬಂದವು. 'ಪರಿಶೀಲಿಸಲಾಗುವುದು.' 'ಸೂಕ್ತ ಕ್ರಮ ಜರುಗಿಸಲಾಗುವುದು.' ಹೊಟ್ಟೆಪಾಡಿಗಾಗಿ ಇಂಥ ವಾಕ್ಯಗಳನ್ನೇ ಕುಟ್ಟುವವಳು ನಾನು, ಇವುಗಳ ಮರ್ಮ ನನಗೆ ಗೊತ್ತು. ಇವುಗಳಲ್ಲಿ ಕ್ರಿಯಾಪದವಿರುತ್ತದೆ, ಕರ್ತೃವಿರುವುದಿಲ್ಲ. ಪರಿಶೀಲಿಸುವವರು ಯಾರು? ಜರುಗಿಸುವವರು ಯಾರು? ಬಡವರ ವಿಷಯಕ್ಕೆ ಬಂದಾಗ ಮಾತ್ರ ನಿಮ್ಮ ವ್ಯಾಕರಣ ಗಟ್ಟಿಯಾಗುತ್ತದೆ: ಗಾರೆಯವನು ಹೊಡೆದ, ಅವನ ಹೆಂಡತಿ ಸುರಿದಳು.

ಕೊನೆಗೆ ನಿಮ್ಮನ್ನೇ ಕಾಣಲು ಬಂದೆ. ನೀವು ಒರಟಾಗಿ ಮಾತಾಡಲಿಲ್ಲ. ಕುರ್ಚಿ ಕೊಟ್ಟಿರಿ. "ಧೂಳಿಲ್ಲದ ಹಳೇ ಕಟ್ಟಡ ಎಲ್ಲಿದೆಯಮ್ಮಾ? ಮನೆ ಗುಡಿಸಿದ್ರೂ ಧೂಳು ಏಳುತ್ತೆ. ನಿಮ್ಮ ಯಜಮಾನರ ಸಿಟ್ಟಿಗೆ ನನ್ನ ಕಟ್ಟಡ ಹೊಣೆ ಅಂದ್ರೆ ಹೇಗೆ?" ಎಂದಿರಿ. ಆಮೇಲೆ ನನಗೆ ಸಮಾಧಾನವಾಗಲೆಂದೋ ಏನೋ, ಗೋಡೆಯ ಮೇಲಿನ ದೊಡ್ಡ ನಕ್ಷೆ ತೋರಿಸಿದಿರಿ. ನೆಲಮಾಳಿಗೆಯ ಮರಳಿನ ದಿಬ್ಬದ ಸುತ್ತ ಬಣ್ಣದ ಬೇಲಿ, ಪಕ್ಕದಲ್ಲಿ ಪುಟ್ಟ ಸಲಿಕೆಗಳ ಚಿತ್ರ. "ಇದು ಮಕ್ಕಳ ಮೂಲೆ. ಶಾಲೆ ಮಕ್ಕಳು ಬಂದು ಮರಳು ಅಗೀತಾರೆ, ಹಳೇ ಗುಂಡು ಹುಡುಕ್ತಾರೆ, ಸಿಕ್ಕಿದ್ದನ್ನ ಮನೆಗೆ ತಗೊಂಡು ಹೋಗ್ತಾರೆ. ಎಷ್ಟು ಮಜಾ ಅಲ್ವಾ?"

ನನ್ನ ಗಂಡನ ರಕ್ತ, ಕುಳ್ಳನ ಕಣ್ಣು ಬಿದ್ದದ್ದು ಅದೇ ಮರಳಿನ ಮೇಲೆ. ಎದ್ದು ಬಂದೆ. ಬಸ್ಸಿನಲ್ಲಿ ಕೂತಾಗ ನನ್ನ ಕೈ ತಾನೇ ತಾನಾಗಿ ಮುಷ್ಟಿ ಕಟ್ಟಿಕೊಂಡಿತ್ತು. ನನ್ನೊಳಗೂ ಸೀಸ ಸೇರಿತೇ ಎಂದು ಒಂದು ಗಳಿಗೆ ಹೆದರಿದೆ. ಇಲ್ಲ, ನನ್ನ ರಕ್ತ ಚೊಕ್ಕಟವಾಗಿಯೇ ಇದೆ, ಪರೀಕ್ಷೆ ಮಾಡಿಸಿದ್ದೇನೆ. ಆ ಸಿಟ್ಟು ಸಂಪೂರ್ಣ ನನ್ನದೇ.

ಕುಳ್ಳ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮನೆಗೆ ಬಂದಾಗ ಮಕ್ಕಳ ಮೂಲೆಯ ಸಂಗತಿ ಹೇಳಿ, ಆ ನೆಲಮಾಳಿಗೆಯ ಧೂಳು ಬೇಕೆಂದೆ. ಅವನು, "ಎಷ್ಟು ಬೇಕು ಅತ್ತಿಗೆ?" ಎಂದ.

"ಒಂದು ಬಕೆಟ್ ಸಾಕು. ನೀರು ಹಾಕಿ ಕಲಸಿ ತಾ, ಹಾರಬಾರದು. ಅಲ್ಲಿನ ಜವಾನರ ಮೇಲೆ ನನಗೇನೂ ದ್ವೇಷವಿಲ್ಲ."

ಮಾನ್ಯರೇ, ಇದನ್ನು ಗಮನಿಸಿ. ನಿಮ್ಮ ಮೇಲೆ ದಾಳಿ ಮಾಡಲು ಬಂದವಳು ತೆಗೆದುಕೊಂಡಷ್ಟು ಎಚ್ಚರಿಕೆಯನ್ನು ಕೆಲಸ ಕೊಟ್ಟ ನೀವು ತೆಗೆದುಕೊಳ್ಳಲಿಲ್ಲ.

ಮುಂದಿನದು ನಿಮಗೂ ನೆನಪಿರಬೇಕು. ಬಕೆಟ್ಟನ್ನು ನಿಮ್ಮ ಮೇಜಿನ ಮೇಲೆ ಬೋರಲು ಹಾಕಿದೆ. ಕಡತಗಳ ಮೇಲೆ, ಕನ್ನಡಕದ ಮೇಲೆ, ಚಹಾದ ಬಟ್ಟಲಿಗೆ, ಅಲ್ಲಿಂದ ಇಳಿದು ಕಾರ್ಪೆಟ್ಟಿಗೆ. "ಏನ್ರೀ ಇದು?" ಎಂದು ಕಿರುಚಿದಿರಿ. "ಧೂಳು ಸರ್. ನಿಮ್ಮ ಶಸ್ತ್ರಾಗಾರದ್ದು. ಬರೀ ಧೂಳು" ಎಂದೆ. ಕುರ್ಚಿ ಉರುಳಿಸಿಕೊಂಡು ಗೋಡೆಗೆ ಅಂಟಿ ನಿಂತು ಇಡೀ ಕಚೇರಿಗೆ ಕೇಳುವಂತೆ ಕೂಗಿದಿರಿ: "ಯಾರೂ ಮುಟ್ಟಬೇಡಿ! ವಿಷ ಅದು, ವಿಷ!"

ಗೊತ್ತಿತ್ತು. ನಿಮಗೆ ಗೊತ್ತಿತ್ತು. ಅಷ್ಟೂ ಕಾಲ ಗೊತ್ತಿತ್ತು.

ಆಗ ನಾನು ನಿಮ್ಮ ಮೇಲೆ ಎರಗಿದೆ. ಅದನ್ನು ಮುಚ್ಚಿಡುವುದಿಲ್ಲ. ನನ್ನ ಕೈ ನಿಮ್ಮ ಕೊರಳಪಟ್ಟಿ ಮುಟ್ಟುವಷ್ಟರಲ್ಲಿ ಕಾವಲುಗಾರರು ಕೂದಲು ಹಿಡಿದು ಎಳೆದರು. ತೋಳನ್ನು ಹಿಂದಕ್ಕೆ ತಿರುಚಿದರು, ಮುಖವನ್ನು ಮೇಜಿನ ಅಂಚಿಗೆ ಕುಟ್ಟಿದರು. ಮುಂದಿನ ಹಲ್ಲು ಮುರಿದು ನಿಮ್ಮ ಕೆಸರಿನಲ್ಲಿ ಬಿತ್ತು. ಬಿಳಿ ಮೇಲಂಗಿಯವರು ಅದನ್ನೂ ಗುಡಿಸಿ ಒಯ್ದಿರಬೇಕು.

ಈಗ ನನ್ನ ಮೇಲಿರುವ ಆರೋಪ: ಮಾರಕ ವಿಷವಸ್ತುವಿನಿಂದ ಸರ್ಕಾರಿ ಅಧಿಕಾರಿಯ ಪ್ರಾಣಕ್ಕೆ ಅಪಾಯ ಒಡ್ಡಿದ್ದು. ಅದರಿಂದ ನನ್ನನ್ನು ಕೆಲಸದಿಂದ ಅಮಾನತು ಮಾಡಿದ್ದಾರೆ. ನನ್ನ ಗಂಡನ ಮೇಲಿರುವುದು ಕೊಲೆ ಯತ್ನದ ಆರೋಪ. ಅದರಲ್ಲಿ ನಿಮ್ಮ ಕಚೇರಿ ಕೊಟ್ಟ ಹೇಳಿಕೆ: ಕೆಲಸದ ಜಾಗದಲ್ಲಿದ್ದದ್ದು ಆರೋಗ್ಯಕ್ಕೆ ಹಾನಿಯಿಲ್ಲದ ಸಾಮಾನ್ಯ ಧೂಳು. ಒಂದೇ ನೆಲಮಾಳಿಗೆಯ ಒಂದೇ ಧೂಳು. ಗಾರೆಯವನ ಪುಪ್ಪುಸಕ್ಕೆ ಹೋದರೆ ಸಾಮಾನ್ಯ, ಅಧಿಕಾರಿಯ ಚಹಾಕ್ಕೆ ಬಿದ್ದರೆ ಮಾರಕ.

ಈ ಎರಡು ಮಾತು ಒಂದಕ್ಕೊಂದು ಢಿಕ್ಕಿ ಹೊಡೆಯುತ್ತವೆಂದು ನಿಮ್ಮ ವಕೀಲರಿಗೆ ತಡವಾಗಿ ಹೊಳೆದಿರಬೇಕು. ಅದಕ್ಕೇ ಕಳೆದ ವಾರ ನಿಮ್ಮ ಆಪ್ತ ಸಹಾಯಕ ಹಣ್ಣಿನ ಚೀಲ ಹಿಡಿದು ನಮ್ಮ ಮನೆಗೆ ಬಂದ. "ಸಾಹೇಬ್ರು ದೊಡ್ಡ ಮನಸ್ಸು ಮಾಡಿದಾರೆ ಮೇಡಂ. ನಿಮ್ಮ ಮೇಲಿನ ಕೇಸು ವಾಪಸ್ ತಗೋತಾರೆ. ಕೆಲಸಕ್ಕೂ ಮತ್ತೆ ಸೇರ್ಕೊಬಹುದು. ನೀವು ಸ್ವಲ್ಪ ಸುಮ್ಮನಿದ್ರೆ ಆಯ್ತು."

ಕುಳ್ಳ ಅಲ್ಲೇ ಇದ್ದ. ಅವನು ಆಸ್ಪತ್ರೆಗೆ ಹೊರಟಿದ್ದ. ನನ್ನ ಗಂಡನ ಎರಡೂ ಮಣಿಕಟ್ಟು ಈಗ ಸೋತು ಜೋತುಬಿದ್ದಿವೆ. ಚಮಚ ನಿಲ್ಲುವುದಿಲ್ಲ. ದಿನಕ್ಕೊಮ್ಮೆ ಹೋಗಿ ಊಟ ತಿನ್ನಿಸುವವನು ಕುಳ್ಳನೇ. ಹಾಸಿಗೆಯ ಪಕ್ಕ ಕೂತ ಪೊಲೀಸಿನವನಿಗೆ ಇದು ದೊಡ್ಡ ಒಗಟು. 'ನಿನ್ನ ಕಣ್ಣು ಕಿತ್ತವನಿಗೇ ಉಣಿಸ್ತೀಯಲ್ಲೋ' ಎಂದು ಕೇಳಿದ್ದನಂತೆ. "ಅವತ್ತು ಅಲ್ಲಿ ನಮ್ಮಣ್ಣ ಇರ್ಲಿಲ್ಲ ಸಾರ್, ನಾನೂ ಇರ್ಲಿಲ್ಲ" ಎಂದು ಇವನು ಹೇಳಿದನಂತೆ. ಅದೇ ಕುಳ್ಳ ನಿಮ್ಮ ಸಹಾಯಕನ ಹಣ್ಣಿನ ಚೀಲವನ್ನು ಅವನ ಕೈಗೇ ತೂಗುಹಾಕಿ, ಬೆನ್ನ ಮೇಲೆ ಕೈಯಿಟ್ಟು, ಮೆಟ್ಟಿಲವರೆಗೆ ನಡೆಸಿಕೊಂಡು ಹೋಗಿ ಬಿಟ್ಟುಬಂದ. ತಳ್ಳಲಿಲ್ಲ. ನಾನಾಗಿದ್ದರೆ ತಳ್ಳುತ್ತಿದ್ದೆ.

ಉದ್ಘಾಟನೆ 'ತಾಂತ್ರಿಕ ಕಾರಣ'ದಿಂದ ಮುಂದಕ್ಕೆ ಹೋಗಿದೆ. ಮುಂದಕ್ಕೆ, ಅಷ್ಟೇ. ಮಕ್ಕಳ ಮೂಲೆ ನಕ್ಷೆಯಲ್ಲಿ ಹಾಗೇ ಇದೆ. ನನ್ನ ಬೇಡಿಕೆ ಕೇಳಿ. ಆ ಕಟ್ಟಡಕ್ಕೆ ಬೀಗ ಹಾಕಿ. ನಿಮ್ಮ ಕೋಣೆಗೆ ಬಂದವರನ್ನೇ, ಅದೇ ಮೇಲಂಗಿ ಮುಖವಾಡಗಳಲ್ಲಿ, ಅಲ್ಲಿಗೆ ಕಳಿಸಿ. ಮರಳಿನ ದಿಬ್ಬವನ್ನು ಒದ್ದೆ ಮಾಡಿ ತೆಗೆಸಿ. ಅಲ್ಲಿ ದುಡಿದ ಪ್ರತಿಯೊಬ್ಬರ, ಅವರ ಮನೆಯ ಪ್ರತಿ ಮಗುವಿನ ರಕ್ತ ಪರೀಕ್ಷೆ ಮಾಡಿಸಿ. ನನ್ನ ಗಂಡನ ಮೊಕದ್ದಮೆಯಲ್ಲಿ ಕೊಟ್ಟ ಸುಳ್ಳು ಹೇಳಿಕೆಯನ್ನು ಹಿಂತೆಗೆದುಕೊಳ್ಳಿ.

ಆದರೆ ನನ್ನ ಮೇಲಿನ ಮೊಕದ್ದಮೆಯನ್ನು ಹಿಂತೆಗೆದುಕೊಳ್ಳಬೇಡಿ. ನಿಮ್ಮ ದೊಡ್ಡ ಮನಸ್ಸು ನನಗೆ ಬೇಡ. ನನ್ನನ್ನು ಕಟಕಟೆಗೆ ಹತ್ತಿಸಿ. ನಿಮ್ಮ ವಕೀಲರು ಎದ್ದು ನಿಂತು ಈ ಧೂಳು ಎಂಥ ವಿಷ, ಎಷ್ಟು ಸಣ್ಣ ಚಿಟಿಕೆ ಒಬ್ಬ ಮನುಷ್ಯನ ಬುದ್ಧಿ ಕೆಡಿಸಬಲ್ಲದು, ಅದರ ಹತ್ತಿರ ಹೋಗಲು ಎಂಥ ಮುಖವಾಡ ಬೇಕು ಎಂದು ಸಾಕ್ಷಿ ಸಮೇತ ನ್ಯಾಯಾಧೀಶರಿಗೆ ಸಾಬೀತು ಮಾಡಲಿ. ಪಕ್ಕದಲ್ಲಿ ನನ್ನದೇ ಕಚೇರಿಯ ಬೆರಳಚ್ಚುಗಾರರು ಅದನ್ನು ಅಕ್ಷರ ಬಿಡದೆ ಕುಟ್ಟಲಿ. ನಾನು ಒಂದು ಮಾತಿಗೂ ಅಡ್ಡಿ ಹೇಳುವುದಿಲ್ಲ. ಎಲ್ಲವನ್ನೂ ಒಪ್ಪಿಕೊಂಡು ಸಹಿ ಹಾಕುತ್ತೇನೆ.

ಇಂತಿ,
ನಿಮ್ಮ ಕ್ಷಮೆಯನ್ನು ಹಿಂದಿರುಗಿಸುತ್ತಿರುವ,
ಈ ವಿಷದ ಪ್ರಕರಣದ ಮೊದಲ ಆರೋಪಿ,
ಸದ್ಯಕ್ಕೆ ಏಕೈಕ ಆರೋಪಿ