ದ್ರಾಕ್ಷಿ ಪಂಪಿನಲ್ಲಿ ತೊಳೆದ ಬೈಕು

ಶೇಡಬಾಳ
೨೬ ಅಕ್ಟೋಬರ್ ೨೦೨೪

ರೋಹನ ಅವರಿಗೆ,

ಮೊದಲ ಸಲ ನಿಮ್ಮ ಹೆಸರು ಹಿಡಿದು ಬರೆಯುತ್ತಿದ್ದೇನೆ. ಸಿಟ್ಟು ಬಂದರೆ ಬರಲಿ. ಪುಣೆಯಲ್ಲಿ ನಿಮ್ಮ ಕೆಮ್ಮು ಹೇಗಿದೆ? ಕಡಿಮೆಯಾಗದಿದ್ದರೂ ನನಗೆ ಬೇಸರವಿಲ್ಲ. ಇಲ್ಲಿ ಮಾವನವರು ಆರಾಮ. ಫೋನಿನಲ್ಲಾದರೆ ನೀವು ನಡುವೆ ಬಾಯಿ ಹಾಕುತ್ತೀರಿ, ಅದಕ್ಕೇ ಪತ್ರ.

ದಸರೆಯಲ್ಲಿ ಆಯುಧ, ಗಾಡಿಗಳಿಗೆ ಮಾಡುವ ಖಂಡೆ ಪೂಜೆಗೆಂದು ನೀವು ಬೈಕನ್ನು ದ್ರಾಕ್ಷಿಗೆ ಔಷಧ ಹೊಡೆಯುವ ಪಂಪಿನಲ್ಲಿ ತೊಳೆದಿರಿ. ಅದರ ಟಾಕಿಯಲ್ಲಿ ಮೈಲುತುತ್ತದ ನೀರು ಉಳಿದಿತ್ತು. ಮಾವನವರು, "ಮೊದಲ ಟಾಕಿ ತೊಳಕೊಳ್ಳೋ ಮಗನ" ಎಂದರು. ನಿಮಗೋ ಹಾರ ಹಾಕಿ ಫೋಟೊ ತೆಗೆಸಿಕೊಳ್ಳುವ ಅವಸರ. ಮರುದಿನ ಬೆಳಿಗ್ಗೆ ಮಿರಜ್ ಆಸ್ಪತ್ರೆಯಿಂದ ನನ್ನ ಅಣ್ಣ ಸುರಜನ ಫೋನು ಬಂತು: "ಅವ್ವ ನಿನ್ನ ಹೆಸರ ಹಿಡದ ಕರಿಯಾಕತ್ತಾಳ, ಲಗೂನ ಬಾ." ನೀವು ಕಿಕ್ ಹೊಡೆದು ಹೊಡೆದು ಬೆವೆತಿರಿ, ಬೈಕು ಚಾಲೂ ಆಗಲೇ ಇಲ್ಲ. ಬಸ್ಸು ಹಿಡಿದು ನಾನು ತಲುಪುವಷ್ಟರಲ್ಲಿ ಅವ್ವನ ಮುಖದ ಮೇಲೆ ಬಟ್ಟೆ ಎಳೆದಿದ್ದರು.

ಅದನ್ನೂ ನನ್ನ ಹಣೆಬರಹ ಎಂದುಕೊಳ್ಳುತ್ತಿದ್ದೆ. ಆದರೆ ಮಣ್ಣು ಮುಗಿದ ಮೇಲೆ ಕೊಗನೊಳ್ಳಿಯ ನಮ್ಮ ತವರಿನ ಅಂಗಳದಲ್ಲಿ, ಬಂಧುಬಳಗದ ಮುಂದೆ, "ಈಕೀನ ಚಾಲೂ ಮಾಡಾಕ ಹೋಗಿ ಗಾಡಿ ಕೆಡಸ್ಯಾಳ್ರಿ" ಎಂದಿರಿ. ನಾನು ಅದನ್ನು ಮುಟ್ಟಿರಲೂ ಇಲ್ಲ. ಅಂದಿನಿಂದ ಅಣ್ಣ ನನ್ನ ಫೋನು ಎತ್ತುತ್ತಿಲ್ಲ. ತಾಯಿಯ ಕೊನೆಗಾಲಕ್ಕೆ ಬಾರದವಳು ಎಂಬ ಹೆಸರು ನನಗೆ ಅಂಟಿತು, ನೀವು ಪುಣೆಯ ಬಸ್ಸು ಹತ್ತಿದಿರಿ.

ನಿನ್ನೆ ಪ್ಲಗ್ ಬಿಚ್ಚುವ ಪಾನಾ ಹಿಡಿದು ನಾನೇ ಬೈಕಿನ ಮುಂದೆ ಕೂತೆ. ಪೆಟ್ರೋಲ್ ಇತ್ತು. ಪ್ಲಗ್ ಬಿಚ್ಚಿ ಒರೆಸಿ, ಇಂಜಿನ್ನಿಗೆ ತಾಗಿಸಿ ಕಿಕ್ ಹೊಡೆದರೆ ಕಿಡಿಯೇ ಇಲ್ಲ. ಪ್ಲಗ್ಗಿನ ಕ್ಯಾಪ್ ತಿರುಗಿಸಿ ನೋಡಿದೆ. ಒಳಗೆಲ್ಲ ಮೈಲುತುತ್ತ ನೀಲಿಗಟ್ಟಿ ಕೂತು, ಪ್ಲಗ್ಗಿಗೆ ಕರೆಂಟು ಹೋಗದಂತೆ ಮಾಡಿತ್ತು. ಅಳು ಬರಬೇಕಿತ್ತು, ಬರಲಿಲ್ಲ. ಕಳ್ಳ ಸಿಕ್ಕಿದ ಎಂದು ಹೊಟ್ಟೆ ತಣ್ಣಗಾಯಿತು. ಮಾವನವರಿಗೂ ತೋರಿಸಿದೆ, ಅವರು ತಲೆ ತಗ್ಗಿಸಿ ತೋಟದ ಕಡೆ ಹೋದರು. ಹೊಸ ಕ್ಯಾಪ್ ತಂದು ಹಾಕಿದೆ, ಬೈಕು ಚಾಲೂ ಆಯಿತು.

ಅವ್ವ ಇದ್ದಿದ್ದರೆ ಅಳಿಯನಿಗೆ ಆಶೀರ್ವಾದ ತಿಳಿಸು ಎನ್ನುತ್ತಿದ್ದಳು. ನನ್ನ ಕಡೆಯಿಂದ ಏನೂ ಇಲ್ಲ.

ಶುಭಾಂಗಿ

ತಾ.ಕ.: ದೀಪಾವಳಿಗೆ ಶೇಡಬಾಳಕ್ಕೆ ಬರಬೇಡಿ. ಬೈಕೂ ನಾನೂ ಈಗ ಕೊಗನೊಳ್ಳಿಗೆ ಹೊರಟಿದ್ದೇವೆ, ಹಳೆಯ ಕ್ಯಾಪ್ ನನ್ನ ಚೀಲದಲ್ಲಿದೆ. ಪಾಡ್ಯದ ದಿನ ಅಂದಿನವರನ್ನೆಲ್ಲ ಕರೆಸುತ್ತೇನೆ. ಅದೇ ಅಂಗಳದಲ್ಲಿ ನಿಂತು, ಕೆಡಿಸಿದವರು ಯಾರೆಂದು ನಿಮ್ಮ ಬಾಯಿಂದಲೇ ಹೇಳಬೇಕು. ಹೇಳಿದರೆ ಬೈಕು ಒಯ್ಯಬಹುದು. ನಾನು ನಿಮ್ಮ ಜೊತೆ ಮರಳಿ ಬರುವುದನ್ನು ಮಾತ್ರ ಕೇಳಬೇಡಿ.