ಗಂಜಲದಲ್ಲಿ ನೆಂದ ಇದ್ದಿಲು

ರೀ,

ರೇಷ್ಮೆಗೂಡು ತಗೊಂಡು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋಗ್ತಿದೀನಿ. ಸಾರು ಒಲೆ ಮೇಲಿದೆ.

ಕೊಟ್ಟಿಗೆ ಹಿಂದಿನ ಡ್ರಮ್ಮಲ್ಲಿರೋದು ರೇಷ್ಮೆಸೊಪ್ಪಿನ ಕಡ್ಡಿ ಸುಟ್ಟ ಇದ್ದಿಲು. ಗಂಜಲದಲ್ಲಿ ನೆನೆಹಾಕಿದೀನಿ, ಅತ್ತೆ ಹಲ್ಲುಜ್ಜೋಕೆ ತಗೊಳ್ಳದ ಹಾಗೆ ನೋಡ್ಕೊಳ್ಳಿ.

ಮಧ್ಯಾಹ್ನ ಅದನ್ನ ತಿಪ್ಪೆಗೊಬ್ಬರದ ಜೊತೆ ಕಲಸಿ, ಕಲ್ಲುಹೊಲದ ಹುರುಳಿಕಾಯಿ ಸಾಲಿಗೆ ಹಾಕಿ ಮಣ್ಣು ಮುಚ್ಚಿ. ಹೋದ ಸಲ ನೆನೆಸದೇ ಒಣ ಇದ್ದಿಲು ಸುರಿದವರು ನೀವು. ಅದು ಮಣ್ಣಿನ ಸಾರ ಹೀರಿ ಗಿಡ ಹಳದಿಯಾದಾಗ ಮಾತ್ರ, “ನಮ್ಮವಳ ಮಸಿಯಿಂದ ಹೊಲ ಹಾಳಾಯ್ತು” ಅಂತ ಊರೆಲ್ಲಾ ಹೇಳ್ಕೊಂಡು ಬಂದ್ರಿ.

ಅದೇ ಹೊಲದಲ್ಲಿ ಬೇವಿನ ಮರದ ಕಡೆ ನಾನು ನೆನೆಸಿದ ಇದ್ದಿಲು ಹಾಕಿರೋ ಒಂದು ಸಾಲಿದೆ. ಗುದ್ದಲಿ ಹಿಡಿಯೋ ಮುಂಚೆ ಅದನ್ನ ನೋಡಿ. ಬೋರು ಕೆಟ್ಟು ನೀರಿಲ್ಲದಿದ್ರೂ ಆ ಗಿಡಗಳು ಬಾಡಿಲ್ಲ.

ಈ ಸಲ ಊರಿಗೆ ಹೇಳೋದೇನೂ ಬೇಡ. ಸಂಜೆ ನಾನು ಬಂದ್ಮೇಲೆ, ತಪ್ಪು ಯಾರದು ಅಂತ ನನಗೊಬ್ಬಳಿಗೆ ಹೇಳಿ, ಸಾಕು.

ಕಲ್ಯಾಣಿ