ಹುಮನಾಬಾದಿನಿಂದ ಬಾರದ ಗಾಡಿ

ದುಬಲಗುಂಡಿ, ತಾಲೂಕು ಹುಮನಾಬಾದ್
14 ಡಿಸೆಂಬರ್ 2024, ಶನಿವಾರ

ಪ್ರೀತಿಯ ಮೀರಕ್ಕನಿಗೆ ತಮ್ಮ ಅಂಬಾದಾಸನ ನಮಸ್ಕಾರಗಳು.

ಮೊಣಕಾಲು ನೋವು ಈಗ ಹೇಗಿದೆ? ಸೊಲ್ಲಾಪುರದ ಚಳಿಗೆ ಹೆಚ್ಚಾಗಿರಬೇಕು. ಮಗಳ ಬಾಣಂತನ ಮಾಡಲು ಹೋದವಳು ನೀನೇ ಹಾಸಿಗೆ ಹಿಡಿಯಬೇಡ, ಕೂಸಿಗೆ ನೀರು ಹಾಕುವುದನ್ನು ಬೇರೆ ಯಾರಿಗಾದರೂ ಬಿಡು. ಕೂಸಿಗೆ ನಮ್ಮ ಅಪ್ಪನ ಮೂಗು ಬಂದಿದೆಯೆಂದು ಕೇಳಿ ನನ್ನಾಕೆ ಗಯಾ ಬಹಳ ನಕ್ಕಳು. ಫೋನು ಇದ್ದೂ ಇವನೇಕೆ ಕಾಗದ ಬರೆದ ಎನ್ನುತ್ತೀ. ಫೋನಿನಲ್ಲಿ ಆಡಿದ ಮಾತೆಲ್ಲ ಎಲ್ಲೋ ಜಮಾ ಆಗುತ್ತದಂತೆ. ಅಲ್ಲದೆ ನಾನು ಫೋನು ಹಿಡಿದರೆ ಸಾಕು, ಗಯಾ ಪಕ್ಕಕ್ಕೆ ಬಂದು ಕೂತುಬಿಡುತ್ತಾಳೆ.

ಹೆದರಬೇಡ, ಈಗ ಆರಾಮಾಗಿದ್ದಾಳೆ. ಆದರೆ ಹೋದ ತಿಂಗಳು ಅವಳಿಗೆ ಹಾರ್ಟ್ ಅಟ್ಯಾಕ್ ಆಗಿತ್ತು. ಬಾಣಂತಿಯ ಮನೆಗೆ ಇಂಥ ಸುದ್ದಿ ಕಳಿಸಬಾರದೆಂದು ಆಗ ತಿಳಿಸಲಿಲ್ಲ.

ದೀಪಾವಳಿ ಮುಗಿದ ಮೇಲೆ ನಮ್ಮೂರಿಗೆ ಸರ್ಕಾರದ ತಪಾಸಣೆ ವ್ಯಾನು ಬಂದಿತ್ತು. ಬಿಪಿ, ಸಕ್ಕರೆ, ಕೊಬ್ಬು ಎಲ್ಲವನ್ನೂ ಪುಕ್ಕಟೆ ನೋಡುತ್ತಾರೆ. ರಕ್ತ ಹುಮನಾಬಾದಿಗೆ ಹೋಗುತ್ತದೆ, ವರದಿ ಫೋನಿಗೆ ಬರುತ್ತದೆ. ಇಪ್ಪತ್ತೆಂಟು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದವನು ನಾನು, ಪುಕ್ಕಟೆ ಎಂದ ಕೂಡಲೇ ನನಗೆ ಗುಮಾನಿ. ಗಯಾಳ ತೋಳಿನಿಂದ ಮೂರು ಸಣ್ಣ ಬಾಟಲಿ ರಕ್ತ ತೆಗೆದಾಗ, "ಇದು ನಮ್ಮಾಕಿ ರಕ್ತನs ಅಂತ ಅಲ್ಲಿ ಹ್ಯಾಂಗ ಗೊತ್ತಾಕೈತ್ರಿ?" ಎಂದು ಕೇಳಿದೆ. ಆ ಹುಡುಗಿ ಬಾಟಲಿಗೆ ಅಂಟಿಸಿದ ಚೀಟಿ ತೋರಿಸಿದಳು. ಅಂಟಿಸಿದ ಚೀಟಿ ಕೀಳಲು ಎಷ್ಟು ಹೊತ್ತು? ಎರಡನೇ ದಿನ ವರದಿ ಬಂತು: ಸಕ್ಕರೆ ಹೆಚ್ಚು, ಕೊಬ್ಬು ಹೆಚ್ಚು, ಹುಮನಾಬಾದಿಗೆ ಬಂದು ಇಸಿಜಿ ಮಾಡಿಸಿರಿ. ನಾನು ಬಿಡುತ್ತೇನೆಯೇ, ಗಯಾಳನ್ನು ಬಸವಕಲ್ಯಾಣಕ್ಕೆ ಕರೆದೊಯ್ದು ಖಾಸಗಿ ಲ್ಯಾಬಿನಲ್ಲಿ ಇನ್ನೊಮ್ಮೆ ರಕ್ತ ಕೊಡಿಸಿದೆ. ಅಲ್ಲಿಯೂ ಹೆಚ್ಚುಕಡಿಮೆ ಅದೇ ಅಂಕಿ ಬಂದವು. ಆಗ ಗುಮಾನಿ ಇನ್ನೂ ಜಾಸ್ತಿಯಾಯಿತು. ಎರಡೂ ಕಡೆಯವರು ಒಳಗೊಳಗೇ ಮಾತಾಡಿಕೊಂಡಿದ್ದಾರೆ ಎಂದುಕೊಂಡು ಇಸಿಜಿ ಮಾತನ್ನೇ ಬಿಟ್ಟುಬಿಟ್ಟೆ.

ನವೆಂಬರ್ ಇಪ್ಪತ್ತಾರು, ಮಂಗಳವಾರ ಬೆಳಿಗ್ಗೆ. ಗಯಾ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ ಎಡ ಭುಜ ಹಿಡಿದುಕೊಂಡಳು. ಆ ಚಳಿಯಲ್ಲೂ ಹಣೆ ತುಂಬ ಬೆವರು. ಗ್ಯಾಸ್ ಇರಬೇಕೆಂದು ಜೀರಿಗೆ ನೀರು ಕುಡಿಸಿದೆ. ಅಷ್ಟರಲ್ಲಿ ಪಕ್ಕದ ಮನೆಯ ತುಳಜಾಬಾಯಿ ಬಂದಳು. ಗಯಾಳ ಮುಖ ನೋಡಿದವಳೇ, "ಏ ಭಾವು, ಇದು ಗ್ಯಾಸ್ ಅಲ್ಲ" ಎಂದು ನನ್ನ ಫೋನು ಕಸಿದುಕೊಂಡು ಆಂಬುಲೆನ್ಸಿಗೆ ಹಚ್ಚಿದಳು. ಆಗ ಏಳೂ ಹತ್ತು. ಹುಮನಾಬಾದಿನಿಂದ ನಮ್ಮೂರಿಗೆ ಇಪ್ಪತ್ತು ನಿಮಿಷ ಸಾಕು. ಹೊಸ ಗಾಡಿ ಬಂದಿವೆ, ಎಲ್ಲಿ ಯಾವ ಗಾಡಿ ಇದೆಯೆಂದು ಕೂತಲ್ಲಿಂದಲೇ ಕಾಣುತ್ತದೆ ಎಂದು ಪಂಚಾಯಿತಿಯಲ್ಲಿ ಹೇಳಿದ್ದೇ ಹೇಳಿದ್ದು. ಏಳೂವರೆಯಾದರೂ ಗಾಡಿಯಿಲ್ಲ. ಗಯಾ ವಾಂತಿ ಮಾಡಿಕೊಂಡು ಗೋಡೆಗೆ ಒರಗಿದಳು. ತುಳಜಾಬಾಯಿ ಬೈಯುತ್ತ ಮತ್ತೆ ಫೋನು ಹಚ್ಚಿದಳು. ಎಂಟೂ ಇಪ್ಪತ್ತಕ್ಕೆ ಕೊನೆಗೂ ಗಾಡಿ ಬಂತು, ಅದೂ ಬಸವಕಲ್ಯಾಣದ್ದು. ಹುಮನಾಬಾದಿನ ಗಾಡಿ ಕೊಡಂಬಲಕ್ಕೆ ಹೆರಿಗೆಗೆ ಹೋಗಿದೆಯೆಂದು ಅದರಲ್ಲಿದ್ದವರು ಹೇಳಿದರು. ಅಪ್ಪನಿಗೆ ಎದೆನೋವು ಬಂದ ದಿನ ಹೇಳಿಕಳಿಸಿದ ಜೀಪು ಬಾರದೆ, ನೀನೂ ನಾನೂ ರಸ್ತೆಯಲ್ಲಿ ಲಾರಿಗಳಿಗೆ ಕೈ ಮಾಡುತ್ತ ನಿಂತಿದ್ದು ಕಣ್ಣ ಮುಂದೆ ಬಂತು, ಅಕ್ಕಾ.

ಹುಮನಾಬಾದಿನ ದವಾಖಾನೆಯಲ್ಲಿ ಮಹಜಬೀನ್ ಎಂಬ ನರ್ಸು ಗಯಾಳ ಎದೆಗೆ ವೈರು ಹಚ್ಚಿ ಇಸಿಜಿ ತೆಗೆದಳು. ಅದರ ಚಿತ್ರ ಫೋನಿನಲ್ಲಿ ದೂರದ ಯಾವುದೋ ಹೃದಯ ಡಾಕ್ಟರಿಗೆ ಹೋಯಿತು, ಕೆಲವೇ ನಿಮಿಷದಲ್ಲಿ ಉತ್ತರ ಬಂತು. ರಕ್ತ ಹೆಪ್ಪುಗಟ್ಟಿದೆ, ಕರಗಿಸುವ ಇಂಜೆಕ್ಷನ್ ಈಗಲೇ ಕೊಡಬೇಕು, ಸಹಿ ಹಾಕಿರಿ ಎಂದಳು. ನಾನು ಕೇಳಿದೆ: "ಯಾವ ಡಾಕ್ಟರ್‌ರಿ? ಅವರ ಹೆಸರೇನು? ಆಕಿ ಮಾರಿ ಸುದ್ದಾ ನೋಡದs ಹ್ಯಾಂಗ ಹೇಳ್ತಾರ?" ಮಹಜಬೀನಳ ದನಿ ಏರಲಿಲ್ಲ. "ಕಾಕಾ, ನೀವು ಕೇಳಾಕತ್ತಿದ್ದಕ್ಕೆಲ್ಲ ಆಮ್ಯಾಲೆ ಹೇಳ್ತೀನ್ರಿ. ಈಗ ಟೈಮಿಲ್ಲ" ಎಂದಳು. ನಾನು ಕಾಗದವನ್ನು ಮೊದಲಿನಿಂದ ಓದತೊಡಗಿದೆ. ಆಗ ಗಯಾ ಮಲಗಿದಲ್ಲಿಂದಲೇ ಕೈ ಚಾಚಿದಳು. "ಪೆನ್ನು ಇಲ್ಲಿ ಕೊಡ್ರಿ ಸಿಸ್ಟರ್. ಜೀವ ನಂದೈತಿ, ಸಹೀನೂ ನಾನs ಹಾಕ್ತೀನಿ." ಅಡ್ಡಾದಿಡ್ಡಿಯಾಗಿ ಬರೆದಳು, ಆದರೆ ಪೂರ್ತಿ ಬರೆದಳು. ನನ್ನ ಕಡೆ ನೋಡಲಿಲ್ಲ. ಆಮೇಲೆ ಕಲಬುರಗಿಗೆ ಕಳಿಸಿದರು, ಆರು ದಿನಕ್ಕೆ ಮನೆಗೆ ಬಂದೆವು. ಇನ್ನೂ ತಡವಾಗಿದ್ದರೆ ಕಷ್ಟವಿತ್ತು, ಈಗಲೂ ಹೃದಯದ ಒಂದು ಭಾಗಕ್ಕೆ ಪೆಟ್ಟಾಗಿದೆ ಎಂದು ಅಲ್ಲಿಯ ಡಾಕ್ಟರು ಹೇಳಿದರು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಾಳೆ.

ತಡ ಎಂಬ ಆ ಮಾತು ನನ್ನನ್ನು ಬಿಡಲಿಲ್ಲ. ಹುಮನಾಬಾದಿನ ಗಾಡಿಯ ಡ್ರೈವರ್ ಸಿರಾಜುದ್ದೀನನ ಮೇಲೆ ದೂರು ಬರೆದುಕೊಟ್ಟೆ. ನಮ್ಮನ್ನು ಬಿಟ್ಟು ಬೇರೆ ಕಡೆ ಹೋದನೆಂದು ಬರೆದೆ. ಅಧಿಕಾರಿಯೊಬ್ಬರು ಫೋನು ಮಾಡಿ, ನಿಮ್ಮ ಮನೆಯವರೇ ಗಾಡಿ ಬೇಡವೆಂದರೆಂದು ದಾಖಲೆಯಲ್ಲಿದೆ ಎಂದರು. ಕಂಪ್ಯೂಟರಿನಲ್ಲಿ ಬೇಕಾದ್ದು ಬರೆದುಕೊಳ್ಳಬಹುದಲ್ಲ, ಎಂದೆ. ಈಗ ಅವನನ್ನು ಕೆಲಸದಿಂದ ಹೊರಗಿಟ್ಟು ವಿಚಾರಣೆ ಇಟ್ಟಿದ್ದಾರೆ. ನಿನ್ನೆ ಅವನು ಮೋಟರ್‌ಸೈಕಲ್ ಮೇಲೆ ನಮ್ಮ ಮನೆಗೇ ಬಂದ. ರಾಜಿ ಮಾಡಿಕೊಳ್ಳಲು ಬಂದಿದ್ದಾನೆಂದು ನಾನು ಬಾಗಿಲಲ್ಲೇ ನಿಂತೆ. ಗಯಾ ಒಳಗೆ ಕರೆದು ಚಹಾ ಕೊಟ್ಟಳು. "ಆವತ್ತ ಯಾಕ ಬರಲಿಲ್ಲಪಾ?" ಎಂದು ಅವಳು ಕೇಳಿದಳು. ಅವನು ನನ್ನ ಮುಖವನ್ನೊಮ್ಮೆ ನೋಡಿದ. "ತಪ್ಪಾತ್ರಿ ಅಮ್ಮಾ. ನೀವು ಆರಾಮಾದ್ರಿ, ಅಷ್ಟ ಸಾಕು" ಎಂದು ಕಪ್ಪು ಇಟ್ಟು ಹೊರಟುಹೋದ. ಮಾಡದ ತಪ್ಪನ್ನು ಯಾರಾದರೂ ಒಪ್ಪಿಕೊಳ್ಳುತ್ತಾರೆಯೇ? ಇದರಲ್ಲಿ ಏನೋ ಇದೆ ಎಂದು ರಾತ್ರಿಯೆಲ್ಲ ಯೋಚಿಸಿದೆ.

ಬಾಣಂತಿಗೂ ಕೂಸಿಗೂ ನಮ್ಮಿಬ್ಬರ ಆಶೀರ್ವಾದ. ಅಳಿಯಂದಿರಿಗೆ ನಮಸ್ಕಾರ ತಿಳಿಸು. ನೀನು ಮೊಣಕಾಲಿಗೆ ಪಟ್ಟಿ ಕಟ್ಟುವುದನ್ನು ಮರೆಯಬೇಡ.

ನಿನ್ನ ತಮ್ಮ
ಅಂಬಾದಾಸ

ತಾ. ಕ.: ಮಡಚಿದ ಕಾಗದ ಮತ್ತೆ ಬಿಚ್ಚಿದ್ದೇನೆ. ಅಕ್ಕಾ, ದಾಖಲೆಯಲ್ಲಿರುವುದು ನಿಜ. ಏಳೂ ಹದಿನಾರಕ್ಕೆ ಸಿರಾಜುದ್ದೀನ ದಾರಿಯಿಂದ ನನ್ನ ಫೋನಿಗೇ ಮಾತಾಡಿದ್ದ: "ಬರಾಕತ್ತೀನ್ರಿ ಕಾಕಾ, ಮನಿ ಎಲ್ಲೈತಿ ಹೇಳ್ರಿ." ಡ್ರೈವರುಗಳು ಕಮಿಷನ್‌ಗಾಗಿ ಖಾಸಗಿ ಆಸ್ಪತ್ರೆಗೆ ಒಯ್ಯುತ್ತಾರೆಂದು ಬಸ್‌ಸ್ಟ್ಯಾಂಡಿನಲ್ಲಿ ಕೇಳಿದ್ದೆ. ತುಳಜಾಬಾಯಿ ಒಳಗಿದ್ದಳು. ನಾನು ಅಂಗಳಕ್ಕೆ ಬಂದು, "ಬರೇ ಗ್ಯಾಸೈತಿ, ಬ್ಯಾಡ, ತಿರುಗಿ ಹೋಗ್ರಿ" ಎಂದೆ. ಅವನು ಎರಡು ಸಲ ಕೇಳಿದ, ಎರಡು ಸಲವೂ ಬೇಡವೆಂದೆ. ಅದಾದ ಮೇಲೆಯೇ ಅವನನ್ನು ಕೊಡಂಬಲಕ್ಕೆ ಕಳಿಸಿದರು. ನಿನ್ನೆ ಗಯಾಳ ಮುಂದೆ ನನ್ನ ಹೆಸರು ಹೇಳದೆ ಚಹಾ ಕುಡಿದು ಹೋದ. ವಿಚಾರಣೆ ಮಂಗಳವಾರ. ಗಯಾಗೆ ಇವತ್ತೇ ಹೇಳುತ್ತೇನೆ, ಅಧಿಕಾರಿಗಳಿಗೆ ಮಂಗಳವಾರ. ನನ್ನ ಮೇಲೆ ನನಗೇ ಭರವಸೆಯಿಲ್ಲ, ಆದ್ದರಿಂದ ಮೊದಲು ನಿನಗೆ ಬರೆದು ಅಂಚೆಗೆ ಹಾಕುತ್ತಿದ್ದೇನೆ. ಬುಧವಾರ ನೀನೇ ಗಯಾಗೆ ಫೋನು ಮಾಡಿ ಕೇಳು, ಅಂಬಾದಾಸ ನಿಜ ಹೇಳಿದನೋ ಇಲ್ಲವೋ ಎಂದು.